ಕಿಟಕಿಗೆ ದುರಸ್ತಿ ಸಾಕೇ, ಹೊಸದೇ ಬೇಕೇ?

ಭಟ್ಕಳ, ಹೊನ್ನಾವರ, ಕುಮಟಾ ತಾಲೂಕುಗಳಲ್ಲಿ ಮನೆಯ ಕಿಟಕಿಯ ಆಯಸ್ಸನ್ನು ತೀರ್ಮಾನಿಸುವುದು ಮಳೆ ಮತ್ತು ಉಪ್ಪುಗಾಳಿ. ಇಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದ ಕಡೆಯಿಂದ ಬೀಸುವುದರಿಂದ ಇರಚಲು ಹೊಡೆಯುವುದೂ ಆ ದಿಕ್ಕಿನ ಕಿಟಕಿಗಳಿಗೇ. ಒಂದೇ ಮರದಲ್ಲಿ ಒಬ್ಬನೇ ಬಡಗಿ ಮಾಡಿಕೊಟ್ಟ ಕಿಟಕಿಗಳಲ್ಲಿ ಪಡುವಣದ್ದು ಕುಂಬಾಗಿ ಮೂಡಣದ್ದು ಗಟ್ಟಿಯಾಗಿ ಉಳಿಯುವುದು ಇದೇ ಕಾರಣಕ್ಕೆ. ಹಾಗಾಗಿ ಎಲ್ಲ ಕಿಟಕಿಗಳನ್ನೂ ಒಟ್ಟಿಗೆ ಕೀಳಿಸುವುದು ಸಾಮಾನ್ಯವಾಗಿ ದುಂದು. ಒಂದೊಂದನ್ನೂ ಪ್ರತ್ಯೇಕವಾಗಿ ಪರೀಕ್ಷಿಸಬೇಕು.

ಮೊದಲು ಬದಲಾವಣೆ ಬೇಡದ ದೋಷಗಳು. ಬಣ್ಣ ಹೊಪ್ಪಳೆ ಏಳುವುದು, ಬಿಜಾಗರಿ ಕಿರುಗುಟ್ಟುವುದು, ಚಿಲಕ ಕೂರದಿರುವುದು, ಗಾಜಿನ ಸುತ್ತಲ ಪುಟ್ಟಿ ಉದುರುವುದು ಇವೆಲ್ಲ ಒಂದು ದಿನದ ದುರಸ್ತಿಯ ಕೆಲಸ. ಆಷಾಢದಲ್ಲಿ ಕಿಟಕಿ ಬಾಗಿಲು ಬಿಗಿಯಾಗುವುದು ದೋಷವೇ ಅಲ್ಲ. ಮರ ಗಾಳಿಯ ತೇವ ಹೀರಿ ಅಡ್ಡಡ್ಡಲಾಗಿ ಉಬ್ಬುತ್ತದೆ, ಬೇಸಿಗೆಯಲ್ಲಿ ಮತ್ತೆ ಇಳಿಯುತ್ತದೆ. ಮಳೆಗಾಲದಲ್ಲಿ ಬಡಗಿಯನ್ನು ಕರೆಸಿ ಕೀಸುಳಿ ಹಿಡಿಸಿದರೆ ಫೆಬ್ರವರಿಯ ಹೊತ್ತಿಗೆ ಬೆರಳು ತೂರುವಷ್ಟು ಸಂದು ಬಿದ್ದಿರುತ್ತದೆ.

ಬದಲಾವಣೆಯ ಪ್ರಶ್ನೆ ಬರುವುದು ಚೌಕಟ್ಟು ಕೆಟ್ಟಾಗ. ಅದನ್ನು ನೋಡಬೇಕಾದ ಜಾಗ ಕೆಳಪಟ್ಟಿ. ನೀರು ನಿಲ್ಲುವುದು ಅಲ್ಲಿ, ಕಬ್ಬಿಣದ ಸರಳುಗಳ ಬುಡ ಹುಗಿದಿರುವುದೂ ಅಲ್ಲಿ. ಉಪ್ಪುಗಾಳಿಗೆ ಸರಳಿನ ಬುಡ ತುಕ್ಕು ಹಿಡಿದು ದಪ್ಪವಾಗುತ್ತದೆ, ತನ್ನ ತೂತನ್ನೇ ಒತ್ತಿ ಮರವನ್ನು ಸೀಳುತ್ತದೆ. ಆ ಸೀಳಿನಲ್ಲಿ ನೀರಿಳಿದರೆ ಒಳಗಿನಿಂದ ಕೊಳೆ ಶುರು. ಕುಮಟಾದಲ್ಲಿ ಈ ಅಂಕಣಕಾರರ ಮನೆಯ ಪಶ್ಚಿಮದ ಕಿಟಕಿ ಹೊರಗಿನಿಂದ ಹೊಳೆಯುವ ಎನಾಮೆಲ್ ಬಣ್ಣದಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಮೂರನೆಯ ಸರಳಿನ ಬುಡದಲ್ಲಿ ಸ್ಕ್ರೂಡ್ರೈವರ್ ಒತ್ತಿದಾಗ ತುದಿ ತಡೆಯಿಲ್ಲದೆ ಒಳಗಿಳಿಯಿತು. ಹೊರಬಂದದ್ದು ಕಾಫಿ ಚರಟದಂಥ ಕಪ್ಪು ಪುಡಿ. ಎರಡು ಗೇಣು ಆಚೆಗೆ ಅದೇ ಪಟ್ಟಿ ಉಗುರೂ ಊರದಷ್ಟು ಗಟ್ಟಿಯಾಗಿತ್ತು.

ಕೊಳೆ ಹೀಗೆ ಕೆಳಪಟ್ಟಿಗಷ್ಟೇ ಸೀಮಿತವಾಗಿದ್ದರೆ ಆ ತುಂಡನ್ನು ಕತ್ತರಿಸಿ ಹೊಸ ಮರ ಕೂರಿಸಬಹುದು. ಕೊಳೆ ನಿಲುವುಪಟ್ಟಿಗಳಿಗೆ ಏರಿದ್ದರೆ, ಮೂಲೆಯಿಂದ ಮೂಲೆಗೆ ಅಳೆದಾಗ ಎರಡು ಕರ್ಣಗಳಲ್ಲಿ ಎದ್ದು ಕಾಣುವ ವ್ಯತ್ಯಾಸ ಬಂದು ಚೌಕಟ್ಟು ಓರೆಯಾಗಿದ್ದರೆ, ಒರಲೆ ಗೋಡೆಯೊಳಗಿಂದಲೇ ಹತ್ತುತ್ತಿದ್ದರೆ ದುರಸ್ತಿ ನಿಲ್ಲುವುದಿಲ್ಲ. ಒರಲೆಯಿದ್ದರೆ ಗೋಡೆಗೆ ಔಷಧಿ ಹಾಕಿಸದೆ ಹೊಸ ಮರ ತರುವುದು ವ್ಯರ್ಥ. ಕಿಟಕಿಯ ಕೆಳಗಿನ ಗಾರೆ ಪ್ರತಿ ಮಳೆಗಾಲ ಒದ್ದೆಯಾಗುತ್ತಿದ್ದರೆ ಸಜ್ಜಾವನ್ನೂ ನೋಡಬೇಕು. ಸಜ್ಜಾ ಗಿಡ್ಡವಾಗಿದ್ದರೆ ಅಥವಾ ಅದರ ತುದಿಯ ಅಡಿಯಲ್ಲಿ ನೀರು ತೊಟ್ಟಿಕ್ಕುವ ಗೆರೆ ಇಲ್ಲದಿದ್ದರೆ ಹೊಸ ಕಿಟಕಿಗೂ ಅದೇ ಗತಿ.

ಬೀಗ ಹಾಕಿದ ಮನೆಗಳದು ಬೇರೆ ಕತೆ. ಭಟ್ಕಳದ ಅನೇಕ ಕುಟುಂಬಗಳು ಕೊಲ್ಲಿ ದೇಶಗಳಲ್ಲಿವೆ; ಹೊನ್ನಾವರ, ಕುಮಟಾದ ಹಲವರು ಬೆಂಗಳೂರು, ಮುಂಬೈಗಳಲ್ಲಿದ್ದಾರೆ. ಮಳೆಗಾಲವಿಡೀ ಮುಚ್ಚಿದ ಮನೆಯಲ್ಲಿ ಗಾಳಿಯಾಡದೆ ಬೂಷ್ಟು ಹಿಡಿಯುತ್ತದೆ, ಸೋರಿಕೆ ತಿಂಗಳುಗಟ್ಟಲೆ ಯಾರ ಕಣ್ಣಿಗೂ ಬೀಳುವುದಿಲ್ಲ. ಇಂಥ ಮನೆಗೆ ಹೊಸ ಕಿಟಕಿಗಿಂತ, ಹೊಳವಾದ ದಿನ ಬಂದು ಬಾಗಿಲು ತೆರೆದಿಟ್ಟು ಹೋಗುವ ಒಬ್ಬರಿಗೆ ಕೊಡುವ ಹಣ ಹೆಚ್ಚು ಲಾಭದ್ದು.

ಇನ್ನು ಲೆಕ್ಕ. ಒಂದು ಕಿಟಕಿಯ ದುರಸ್ತಿಗೆ 6,000 ರೂ., ಹೊಸದಕ್ಕೆ 24,000 ರೂ. ಎಂದಿಟ್ಟುಕೊಳ್ಳಿ. ದುರಸ್ತಿ 5 ವರ್ಷ, ಹೊಸದು 25 ವರ್ಷ ಬಾಳಿದರೆ ವರ್ಷಕ್ಕೆ ಬೀಳುವುದು 1,200 ಮತ್ತು 960 ರೂ.; ಹೊಸದೇ ಅಗ್ಗವೆನಿಸುತ್ತದೆ. ಆದರೆ ಹೊಸದಕ್ಕೆ ಇಂದೇ ಕೈಬಿಡುವ ಹಣ ಬ್ಯಾಂಕಿನಲ್ಲಿದ್ದರೆ ಬಡ್ಡಿ ಬರುತ್ತಿತ್ತು. ಶೇ. 6ರ ಬಡ್ಡಿ ಸೇರಿಸಿ ಸಮ ವಾರ್ಷಿಕ ಕಂತಾಗಿ ಹಂಚಿದರೆ ಹೊಸ ಕಿಟಕಿಗೆ ವರ್ಷಕ್ಕೆ ಸುಮಾರು 1,880 ರೂ., ದುರಸ್ತಿಗೆ ಸುಮಾರು 1,425 ರೂ. ಆಗುತ್ತದೆ. ದುರಸ್ತಿ 4 ವರ್ಷ ಬಾಳಿದರೂ 1,730 ರೂ. ಆಗಿ ಅದೇ ಮೇಲು. 3 ವರ್ಷಕ್ಕೇ ಮತ್ತೆ ಬಡಗಿಯನ್ನು ಕರೆಸಬೇಕಾದರೆ 2,245 ರೂ.ಗೆ ಏರಿ ಹೊಸದೇ ಲಾಭ. ಕೂಲಿ, ಮರದ ಬೆಲೆ ಏರುತ್ತ ಹೋದಂತೆ ಈ ತೂಕ ಹೊಸದರ ಕಡೆಗೆ ಇನ್ನಷ್ಟು ವಾಲುತ್ತದೆ. ಹಾಗಾಗಿ ಬಡಗಿಯನ್ನು ಮೊದಲು ಕೇಳಬೇಕಾದದ್ದು ಈ ದುರಸ್ತಿ ಎಷ್ಟು ಮಳೆಗಾಲ ತಾಳುತ್ತದೆ ಎಂದು. ದರದ ಮಾತು ಆಮೇಲೆ.

ಹೊಸದರ ಖರ್ಚಿಗೆ ಚಿರೆಕಲ್ಲಿನ ಗೋಡೆ ಒಡೆದು ಮತ್ತೆ ಗಾರೆ ಮಾಡಿಸುವುದು, ಬಣ್ಣ, ಗ್ರಿಲ್, ಸೊಳ್ಳೆ ಜಾಲರಿ ಎಲ್ಲವನ್ನೂ ಸೇರಿಸಬೇಕು. ಹಳೆಯ ಸಾಗವಾನಿ ಚೌಕಟ್ಟಿನಲ್ಲಿ ಉಳಿದ ಚೇಗಿಗೆ ಬೆಲೆಯಿದೆ, ಅದನ್ನು ಕಳೆಯಬೇಕು. ಕರೆಂಟ್ ಬಿಲ್ ಉಳಿಯುತ್ತದೆ ಎಂಬ ಮಾತನ್ನು ಎಸಿ ಇರುವ ಕೋಣೆಗಷ್ಟೇ ಲೆಕ್ಕಕ್ಕೆ ಹಿಡಿಯಬೇಕು. ಹಗಲಿಡೀ ತೆರೆದೇ ಇರುವ ಕಿಟಕಿಗೆ ಎರಡು ಪದರದ ಗಾಜು ಏನನ್ನೂ ಉಳಿಸಿಕೊಡದು.

ಸಾಮಗ್ರಿಯಲ್ಲಿ ಸಾಗವಾನಿಯ ಚೇಗು ಇಂದಿಗೂ ಗಟ್ಟಿ, ಆದರೆ ದುಬಾರಿ. ಹಿತ್ತಲಿನಲ್ಲೇ ಮರವಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಲ್ಯೂಮಿನಿಯಂಗೆ ಪೌಡರ್ ಕೋಟಿಂಗ್ ಅಥವಾ ಆನೊಡೈಸಿಂಗ್ ಚೆನ್ನಾಗಿರಬೇಕು. ಅದಕ್ಕೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಉಪ್ಪಿನ ತೇವದಲ್ಲಿ ಎರಡು ಲೋಹಗಳ ನಡುವೆ ಕ್ರಿಯೆ ನಡೆದು ಸಂದುಗಳಲ್ಲೇ ಸವೆತ ಶುರುವಾಗುತ್ತದೆ. ಯುಪಿವಿಸಿ ಕೊಳೆಯುವುದಿಲ್ಲ, ಒರಲೆಯೂ ತಿನ್ನದು; ಕೆಡುವುದು ಅದರ ಬಿಜಾಗರಿ, ಗಾಲಿ, ಹಿಡಿಕೆ. ಕಡಲ ಬದಿಯ ಮನೆಗಳಿಗೆ ಇವೆಲ್ಲ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನದೇ ಆದರೆ ಉತ್ತಮ. 304 ಅದಕ್ಕಿಂತ ಬೇಗ ಕಲೆಗಟ್ಟುತ್ತದೆ. ಜಾರುವ ಕಿಟಕಿಯ ಹಳಿಯಲ್ಲಿ ನೀರು ನಿಲ್ಲುವುದರಿಂದ ಪಶ್ಚಿಮದ ಗೋಡೆಗೆ ಹೊರಕ್ಕೆ ತೆರೆದು ಬಿಗಿಯಾಗಿ ಮುಚ್ಚುವ ಬಾಗಿಲೇ ಒಳ್ಳೆಯದು.

ಕೆಲಸಕ್ಕೆ ತಕ್ಕ ಕಾಲ ದೀಪಾವಳಿಯ ನಂತರದಿಂದ ಏಪ್ರಿಲ್‌ವರೆಗೆ. ಮರ ಒಣಗಿ ತನ್ನ ನಿಜವಾದ ಅಳತೆಗೆ ಬಂದಿರುತ್ತದೆ, ಗಾರೆಯೂ ಮಳೆಗೆ ಮುನ್ನ ಗಟ್ಟಿಯಾಗುತ್ತದೆ. ದರ ಸಾಮಾನ್ಯವಾಗಿ ಚದರ ಅಡಿಗೆ ಹೇಳುತ್ತಾರೆ. ಅಳತೆ ಚೌಕಟ್ಟಿನ ಹೊರಗಿನಿಂದಲೋ ಒಳಗಿನಿಂದಲೋ, ಶೇ. 18ರ ಜಿಎಸ್‌ಟಿ ಸೇರಿದೆಯೋ ಇಲ್ಲವೋ ಎಂಬುದನ್ನು ಬರಹದಲ್ಲೇ ಪಡೆಯಬೇಕು. ಕೊನೆಯ ಕಂತನ್ನು ಪೈಪಿನಿಂದ ನೀರು ಹಾಯಿಸಿ ನೋಡಿದ ಮೇಲೆ ಕೊಡುವುದು ಲೇಸು.

ಸಾಲ ಮಾಡುವವರು ತೆರಿಗೆಯನ್ನೂ ಗಮನಿಸಬೇಕು. ಹಳೆಯ ತೆರಿಗೆ ಪದ್ಧತಿಯಲ್ಲಿ ಸ್ವಂತ ವಾಸದ ಮನೆಯ ದುರಸ್ತಿ ಸಾಲದ ಬಡ್ಡಿಗೆ ವರ್ಷಕ್ಕೆ 30,000 ರೂ.ವರೆಗೆ ಕಡಿತವಿದೆ, ಹೊಸ ಪದ್ಧತಿಯಲ್ಲಿ ಇಲ್ಲ. ಬಾಡಿಗೆಗೆ ಕೊಟ್ಟ ಮನೆಯ ಬಾಡಿಗೆಯಲ್ಲಿ ಶೇ. 30ರಷ್ಟು ಹೇಗೂ ಕಡಿತವಾಗುವುದರಿಂದ ಕಿಟಕಿಯ ಬಿಲ್ಲನ್ನು ಬೇರೆಯಾಗಿ ತೋರಿಸಲಾಗದು. ವಿಮೆಯಲ್ಲಿ, 2021ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ‘ಭಾರತ್ ಗೃಹ ರಕ್ಷಾ’ ಪಾಲಿಸಿ ಚಂಡಮಾರುತ, ನೆರೆಯಿಂದಾದ ಹಾನಿಯನ್ನು ಭರಿಸುತ್ತದೆ. ಆ ವರ್ಷದ ಮೇ ತಿಂಗಳ ತೌಕ್ತೆಯಂಥ ಚಂಡಮಾರುತ ಕಿತ್ತೊಗೆದ ಕಿಟಕಿಗೆ ಪರಿಹಾರ ಕೇಳಬಹುದು. ವರ್ಷಗಟ್ಟಲೆ ಕುಂಬಾದ ಕಿಟಕಿಯ ಖರ್ಚು ಮಾತ್ರ ಮನೆಯವರದೇ.