ಲಕ್ಕವ್ವ: ಹೆಸರಿನ ಅರಿವು



ಈಚೆಗೆ ಗಡಿಭಾಗದ ಭಕ್ತರೊಬ್ಬರು ಮಗಳ ನಾಮಕರಣದ ವಿಚಾರ ಕೇಳಲು ಮಠಕ್ಕೆ ಬಂದಿದ್ದರು. ತೀರಿಕೊಂಡ ಅಜ್ಜಿಯ ಹೆಸರು ‘ಲಕ್ಕವ್ವ’ ಎಂದೇ ಇಡಬೇಕೆಂಬುದು ಮನೆಯ ಹಿರಿಯರ ಆಸೆ. “ಹಳೇ ಹೆಸರ್ರೀ, ಸಾಲ್ಯಾಗ ಹುಡುಗರು ನಗ್ತಾರ. ಅದಕ್ಕ ಅರ್ಥರ ಏನೈತಿ?” ಎಂದರು. ಅವರಿಗೆ ಹೇಳಿದ್ದನ್ನೇ ಎಲ್ಲ ಭಕ್ತರ ತಿಳಿವಳಿಕೆಗಾಗಿ ಇಲ್ಲಿ ಬರೆದಿದೆ.

ಸಂಸ್ಕೃತದ ‘ಕ್ಷ’ ಕನ್ನಡದಲ್ಲಿ ‘ಕ್ಕ’ ಆಗುವುದುಂಟು. ಪಕ್ಷ ಪಕ್ಕವಾಯಿತು, ಅಕ್ಷರ ಅಕ್ಕರವಾಯಿತು, ಯಕ್ಷ ಜಕ್ಕನಾದ. ಹಾಗೆಯೇ ಲಕ್ಷ್ಮಿ ಎಂಬುದು ‘ಲಕ್ಕ’ ಎಂದಾಗಿ, ಅದಕ್ಕೆ ಅವ್ವ ಸೇರಿ ಲಕ್ಕವ್ವ, ಅಮ್ಮ ಸೇರಿ ಲಕ್ಕಮ್ಮ. ‘ಅವ್ವ’ ನಮ್ಮ ದ್ರಾವಿಡ ನುಡಿಯೇ. ತಮಿಳಿನ ಔವೈ, ತೆಲುಗಿನ ಅವ್ವ ಅದರ ಬಳಗ. ಆದ್ದರಿಂದ ಲಕ್ಕವ್ವ ಎಂದರೆ ಸಂಪತ್ತಿನ ತಾಯಿ.

ಈ ಹೆಸರಿಗೆ ನಿಜವಾದ ಬೆಲೆ ತಂದವರು 12ನೆಯ ಶತಮಾನದ ಶರಣೆ ಆಯ್ದಕ್ಕಿ ಲಕ್ಕಮ್ಮ. ರಾಯಚೂರು ಸೀಮೆಯ ಅಮರೇಶ್ವರದಿಂದ ಪತಿ ಮಾರಯ್ಯನವರೊಡನೆ ಕಲ್ಯಾಣಕ್ಕೆ ಬಂದವರು. ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಇದು ಕಾಯಕವಲ್ಲ, ಆಸೆ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಲಕ್ಕಮ್ಮ ತಿರುಗಿ ಕಳಿಸಿದರು. ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’ ಎಂಬ ಅಂಕಿತದಲ್ಲಿ ಅವರ ವಚನಗಳಿವೆ. ಅಂಕಿತದಲ್ಲಿಯೂ ಪತಿಯ ಹೆಸರುಂಟು, ತಪ್ಪಿದಾಗ ಪತಿಯನ್ನು ತಿದ್ದುವ ಧೈರ್ಯವೂ ಉಂಟು.

ಹೆಸರು ಸಂಪತ್ತಿನದು, ಬದುಕು ಸಾಕೆಂಬುದರದು. ಲೆಕ್ಕ ಬರೆಯುವ ನಮ್ಮಂಥವರಿಗೂ, ತಕ್ಕಡಿ ಹಿಡಿಯುವ ವ್ಯಾಪಾರಸ್ಥರಿಗೂ, ಕಣದಲ್ಲಿ ರಾಶಿ ಮಾಡುವ ರೈತರಿಗೂ ಇದಕ್ಕಿಂತ ದೊಡ್ಡ ಪಾಠ ಬೇಡ.

ಒಂದು ಸೂಚನೆ. ಮನೆಯಲ್ಲಿ ಲಕ್ಕವ್ವ, ಶಾಲೆಯಲ್ಲಿ ಲಕ್ಷ್ಮೀಬಾಯಿ, ಹೊಲದ ಉತಾರದಲ್ಲಿ ಇನ್ನೊಂದು ಎಂದಾದರೆ ಮುಂದೆ ವಾರಸಾ ದಾಖಲೆಗೆ ಹೆಣ್ಣುಮಕ್ಕಳೇ ಕಚೇರಿ ಅಲೆಯಬೇಕಾಗುತ್ತದೆ. ಇಟ್ಟ ಹೆಸರನ್ನೇ ಜನನ ನೋಂದಣಿಯಲ್ಲಿ ಬರೆಸಿರಿ. ಗುಮಾಸ್ತರು ತಮ್ಮ ಭಾಷೆಗೆ ತಿರುಗಿಸಿ ಬರೆದರೆ ಅಲ್ಲಿಯೇ ತಿದ್ದಿಸಿರಿ.

ಆ ಭಕ್ತರು ಮಗುವಿಗೆ ಲಕ್ಕವ್ವ ಎಂದೇ ಹೆಸರಿಟ್ಟರು. ಯಾರಾದರೂ ನಕ್ಕರೆ ಹೇಳಲು ಆ ಮಗುವಿಗೆ ಈಗ ಒಂದು ಕತೆ ಇದೆ.