ಮೋಟಾರು ಕಾರಿನ ಆಯುಸ್ಸು

ಕಾರಿನ ಆಯುಸ್ಸನ್ನು ಅದು ಓಡಿದ ದೂರದಿಂದ ಅಳೆಯುವುದು ವಾಡಿಕೆ. ಆದರೆ ಈ ಅಳತೆಯೊಂದೇ ಸಾಲದು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ವಿಜ್ಞಾನ ಶಿಕ್ಷಕ ಇರ್ವ್ ಗಾರ್ಡನ್ ಎಂಬುವರು 1966ರಲ್ಲಿ ಕೊಂಡ ವೋಲ್ವೊ ಕಾರು 2013ರಲ್ಲಿ 30 ಲಕ್ಷ ಮೈಲಿಗಳನ್ನು, ಎಂದರೆ ಸುಮಾರು 48 ಲಕ್ಷ ಕಿಲೋಮೀಟರುಗಳನ್ನು, ಪೂರೈಸಿತು. ಇದು ನಮಗೂ ಚಂದ್ರನಿಗೂ ನಡುವಣ ದೂರದ ಹನ್ನೆರಡು ಪಟ್ಟು!

ಇದು ಹೇಗೆ ಸಾಧ್ಯವಾಯಿತು? ಓಡುವ ಎಂಜಿನ್ನಿನಲ್ಲಿ ಪಿಸ್ಟನ್ನಿಗೂ ಸಿಲಿಂಡರಿನ ಗೋಡೆಗೂ ನಡುವೆ ಎಣ್ಣೆಯ ತೆಳುಪೊರೆ ನಿಂತು, ಲೋಹವು ಲೋಹವನ್ನು ಉಜ್ಜದಂತೆ ಕಾಯುತ್ತದೆ. ಗಾಡಿ ಬಹಳ ಹೊತ್ತು ನಿಂತರೆ ಎಣ್ಣೆಯ ಬಹುಭಾಗ ಕೆಳಗಿಳಿಯುತ್ತದೆ. ಆದುದರಿಂದ ತಣ್ಣಗಿರುವ ಎಂಜಿನ್ನನ್ನು ಹೊರಡಿಸಿದಾಗ ಸವೆತ ಹೆಚ್ಚು. ಪೆಟ್ರೋಲು ಉರಿದು ಹುಟ್ಟಿದ ನೀರಾವಿಯೂ ಆಗ ಹನಿಗೂಡಿ ಎಣ್ಣೆಯಲ್ಲಿ ಬೆರೆಯುತ್ತದೆ. ಎಂಜಿನ್ನು ಚೆನ್ನಾಗಿ ಕಾದರಷ್ಟೇ ಅದು ಆರಿಹೋಗುವುದು. ಗಾರ್ಡನ್ನರು ಕೆಲಸಕ್ಕೆ ಹೋಗಿಬರುತ್ತಿದ್ದ ಹಾದಿಯೇ ಸುಮಾರು 125 ಮೈಲಿ. ಎಣ್ಣೆಯನ್ನು ಕಾಲಕಾಲಕ್ಕೆ ಬದಲಿಸುವುದನ್ನೂ ಅವರು ತಪ್ಪಿಸಲಿಲ್ಲ. ಎಂಜಿನ್ನನ್ನು ಬಿಚ್ಚಿ ಹೊಸದಾಗಿ ಜೋಡಿಸಿದ್ದೂ ಉಂಟು.

ದಿನವೂ ಪೇಟೆಗೆ ಎರಡು ಕಿಲೋಮೀಟರು ಮಾತ್ರ ಹೋಗಿಬರುವ ಕಾರಿನ ಒಡೆಯರು, ಗಾಡಿ ಓಡಿದ್ದೇ ಕಡಿಮೆಯೆಂದು ನಿಶ್ಚಿಂತರಾಗಬಾರದು. ಕಿಲೋಮೀಟರು ತುಂಬದಿದ್ದರೂ, ತಯಾರಕರು ವಿಧಿಸಿದ ತಿಂಗಳುಗಳು ತುಂಬಿದೊಡನೆ ಎಣ್ಣೆಯನ್ನು ಬದಲಿಸುವುದು ಲೇಸು.