ಬೋನಸ್ ತಿಂಗಳ ಲೆಕ್ಕ: ಕೆಲವು ಅನುಭವದ ಪಾಠಗಳು

ಆಯುಧಪೂಜೆ ಮುಗಿದು ದೀಪಾವಳಿ ಹತ್ತಿರವಾಗುತ್ತಿದ್ದಂತೆ ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ಬರುವವರೆಲ್ಲ ಕೇಳುವುದು ಒಂದೇ: "ಬೋನಸ್ಸಿಗೆ ಎಷ್ಟು ಪರ್ಸೆಂಟ್ ಹಿಡೀತಾರೆ ಸರ್?" ಸಂಬಳ, ಟಿಡಿಎಸ್ ಲೆಕ್ಕ ಬರೆಯುವ ಕೆಲಸದಲ್ಲಿ ನಾನು ಕಲಿತದ್ದು ಇಷ್ಟು. ಅಂಕಿಗಳೆಲ್ಲ 2025-26ರ ಹೊಸ ತೆರಿಗೆ ಪದ್ಧತಿಯವು.

1. ಬೋನಸ್ಸಿಗೆಂದು ಬೇರೆ ದರವೇ ಇಲ್ಲ. ಅದೂ ಸಂಬಳವೇ, ವರ್ಷದ ಸಂಬಳಕ್ಕೆ ಕೂಡಿಸಿ ಒಟ್ಟು ಮೊತ್ತಕ್ಕೆ ತೆರಿಗೆ ನೋಡಬೇಕು. ಗಾರ್ಮೆಂಟ್ಸ್‌ನಲ್ಲಿ ತಿಂಗಳಿಗೆ 14,000 ದುಡಿಯುವ ಹೆಣ್ಣುಮಗಳಿಗೆ ಕನಿಷ್ಠ 8.33 ಪರ್ಸೆಂಟ್ ಲೆಕ್ಕದಲ್ಲಿ ಬರುವುದು ಹೆಚ್ಚುಕಡಿಮೆ ಒಂದು ತಿಂಗಳ ಸಂಬಳ. ಎರಡೂ ಸೇರಿ ವರ್ಷಕ್ಕೆ 2 ಲಕ್ಷವೂ ದಾಟದು. ಅವರಿಗೆ ತೆರಿಗೆ ಸೊನ್ನೆ. ವರ್ಷಕ್ಕೊಮ್ಮೆ ಕೊಡುವ ಬೋನಸ್ಸಿನಲ್ಲಿ ಪಿಎಫ್, ಇಎಸ್‌ಐ ಕೂಡ ಹಿಡಿಯುವಂತಿಲ್ಲ. ಹಿಡಿದಿದ್ದರೆ ಹೆದರದೆ ಕೇಳಿ.

2. ದುಡಿದದ್ದು ಹಿಂದಿನ ವರ್ಷವಾದರೂ ತೆರಿಗೆ ಬೋನಸ್ ಕೈಗೆ ಬಂದ ವರ್ಷಕ್ಕೆ. 2024-25ರ ದುಡಿಮೆಗೆ 2025ರ ಅಕ್ಟೋಬರ್‌ನಲ್ಲಿ ಬಂದ ಬೋನಸ್ 2025-26ರ ಆದಾಯ. ರೈಲ್ವೆಯವರ 78 ದಿನದ ಬೋನಸ್, ಗರಿಷ್ಠ 17,951 ರೂಪಾಯಿ, ಅದಕ್ಕೂ ಇದೇ ನಿಯಮ.

3. ನಿಜವಾಗಿ ಎಚ್ಚರ ಬೇಕಾದದ್ದು 12.75 ಲಕ್ಷದ ಅಂಚಿನಲ್ಲಿ ಇರುವವರಿಗೆ. ಹಾಸನದ ಕಾರ್ಖಾನೆಯೊಂದರ ಎಂಜಿನಿಯರ್ ಸಂಬಳ 12,40,000 ಎಂದಿಟ್ಟುಕೊಳ್ಳಿ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 12 ಲಕ್ಷದ ಒಳಗೇ ಉಳಿಯುತ್ತದೆ, ರಿಬೇಟ್ ಸಿಕ್ಕಿ ತೆರಿಗೆ ಇಲ್ಲ. ಅದರ ಮೇಲೆ 50,000 ಬೋನಸ್ ಬಂತು. ತೆರಿಗೆಗೆ ಒಳಪಡುವ ಆದಾಯ ಈಗ 12,15,000. ಸ್ಲ್ಯಾಬ್ ಪ್ರಕಾರ 62,250 ಆಗಬೇಕು. ಆದರೆ 12 ಲಕ್ಷದ ಮೇಲೆ ಹೋದ ಮೊತ್ತಕ್ಕಿಂತ ತೆರಿಗೆ ಹೆಚ್ಚಾಗಬಾರದು ಎಂಬ ರಿಯಾಯಿತಿ ಇರುವುದರಿಂದ 15,000ಕ್ಕೆ ಇಳಿಯುತ್ತದೆ. 4 ಪರ್ಸೆಂಟ್ ಸೆಸ್ ಸೇರಿ 15,600. ಅಂದರೆ ಬೋನಸ್ಸಿನಲ್ಲಿ ಕೈಗೆ ಉಳಿದದ್ದು 34,400. ಇದೇ ವ್ಯಕ್ತಿ ತನ್ನ ಪ್ಯಾಕೇಜಿನೊಳಗೇ 15,000 ರೂಪಾಯಿಯನ್ನು ಕಂಪನಿಯ ಪಾಲಾಗಿ ಎನ್‌ಪಿಎಸ್‌ಗೆ ಹಾಕಿಸಿಕೊಂಡಿದ್ದರೆ ಒಂದು ರೂಪಾಯಿಯೂ ಹೋಗುತ್ತಿರಲಿಲ್ಲ. ಈ ಮಾತನ್ನು ಏಪ್ರಿಲ್‌ನಲ್ಲೇ ಕಂಪನಿಯ ಜೊತೆ ಆಡಬೇಕು. ಮಾರ್ಚ್ ಕೊನೆಗೆ ಬಂದರೆ ಯಾವ ಆಡಿಟರಿಗೂ ಏನೂ ಮಾಡಲಾಗದು.

4. ಕವರಿನಲ್ಲಿ ಕೊಟ್ಟ ನಗದು, ಪೂಜೆಯ ಖುಷಿಗೆ ಕೊಟ್ಟರೂ, ಪೂರ್ತಿ ಸಂಬಳ. ಸೀರೆ, ಕುಕ್ಕರ್, ಗಿಫ್ಟ್ ವೋಚರ್ ಬೇರೆ ಲೆಕ್ಕ: ವರ್ಷದ ಎಲ್ಲ ಹಬ್ಬಗಳದ್ದೂ ಸೇರಿ 5,000ದ ಒಳಗಿದ್ದರೆ ತೆರಿಗೆ ಇಲ್ಲ.

5. ನಮ್ಮ ಹಳ್ಳಿಗಳಲ್ಲಿ ಬೋನಸ್ ಎಂದರೆ ಹೆಚ್ಚಿನವರಿಗೆ ನೆನಪಾಗುವುದು ಹಾಲಿನ ಡೇರಿ. ಹಾಲು ಹಾಕಿದವರಿಗೆ ಸಂಘ ಲಾಭದಲ್ಲಿ ಹಂಚುವ ಹಣ ಸಂಬಳವಲ್ಲ, 75,000ದ ಕಡಿತ ಅದಕ್ಕೆ ಸಿಗದು. ಅದನ್ನು ಕೃಷಿ ಆದಾಯವೆಂದು ನಂಬಿದವರೂ ಬಹಳ ಮಂದಿ. ರಾಮನಾಥಪುರದ ಹರಾಜಿನಲ್ಲಿ ತಾನು ಬೆಳೆದ ತಂಬಾಕು ಮಾರಿದ ರೈತನ ಹಣ ಕೃಷಿ ಆದಾಯ. ಕೊಟ್ಟಿಗೆಯ ಹಾಲಿನದು ಅಲ್ಲ. ಬರೀ ಹಾಲಿನ ಮೇಲೆ ಬದುಕುವ ಕುಟುಂಬಕ್ಕೆ ಇದರಿಂದ ತೆರಿಗೆ ಬೀಳುವುದು ಅಪರೂಪ. ಮನೆಯಲ್ಲಿ ನೌಕರಿ ಮಾಡುವವರ ಹೆಸರಿನಲ್ಲೇ ಡೇರಿ ಪಾಸ್‌ಬುಕ್ ಇದ್ದರೆ ಮಾತ್ರ ಕೂಡಿಸಿ ನೋಡಬೇಕು. ಸಂಘದ ಕಾರ್ಯದರ್ಶಿಗೆ, ಹಾಲು ಪರೀಕ್ಷಕರಿಗೆ ಬರುವ ಬೋನಸ್ ಸಂಬಳವೇ.

6. ಸರ್ಕಾರಿ ನೌಕರರ ಹಬ್ಬದ ಮುಂಗಡ ಸಾಲ. ಕಂತಿನಲ್ಲಿ ತೀರಿಸುವ ಆ ಹಣವನ್ನು ಆದಾಯಕ್ಕೆ ಸೇರಿಸಬೇಡಿ.

7. ಬೋನಸ್ ತಿಂಗಳ ಪೇ ಸ್ಲಿಪ್‌ನಲ್ಲಿ ಟಿಡಿಎಸ್ ದೊಡ್ಡದಾಗಿ ಕಂಡರೆ ಅದೇ ಕೊನೆಯ ತೆರಿಗೆಯಲ್ಲ, ವರ್ಷದ ಅಂದಾಜಿನ ಮೇಲೆ ಹಿಡಿದದ್ದು. ಹಾಗೆ ಹೆಚ್ಚಿಗೆ ಹೋದ ಹಣ ವಾಪಸ್ ಪಡೆಯದೆ ಬಿಟ್ಟವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ, ಅದು ಅವರ ಬೆವರಿನ ದುಡ್ಡು. ಫಾರಂ 16 ಕೇಳಿ ಪಡೆಯಿರಿ, 26ಎಎಸ್ ಜೊತೆ ತಾಳೆ ನೋಡಿ, ಜುಲೈ 31ರೊಳಗೆ ರಿಟರ್ನ್ ಹಾಕಿ. ಹೆಚ್ಚಾಗಿ ಹಿಡಿದದ್ದು ನೇರ ನಿಮ್ಮ ಬ್ಯಾಂಕ್ ಖಾತೆಗೆ ಬರುತ್ತದೆ.